ತವರಿನ ಬಿಸುಪು ಹೊತ್ತ ಮೂವರು

ಬಹಳ ಬಹಳ ಹಿಂದೆ, ಕಡಲಿಗೂ ಗಾಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಭೂಮಿಯ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ನಡುನಾಡು ಎಂಬ ಒಂದು ರಾಜ್ಯವಿತ್ತು. ಸೂರ್ಯ ಆ ನಾಡಿನ ನೆತ್ತಿಯ ಮೇಲೇ ನಡೆಯುತ್ತಿದ್ದ. ವರ್ಷದ ಯಾವ ದಿನವೂ ಅಲ್ಲಿ ಕಂಬಳಿ ಹೊದೆಯುವವರಿರಲಿಲ್ಲ. ಹಾಗಂತ ಬೆಂದುಹೋಗುವಂಥ ಸೆಕೆಯೂ ಇರಲಿಲ್ಲ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆಗೊಂದು ಮಳೆ, ಆಮೇಲೆ ಕಡಲ ಕಡೆಯಿಂದ ತಂಗಾಳಿ. ಇದೆಲ್ಲ ತಾನಾಗಿಯೇ ಆಗುವುದು ಎಂದು ಜನ ತಿಳಿದಿದ್ದರು.

ಆ ನಾಡನ್ನು ಮಲ್ಲರಸ ಎಂಬ ರಾಜ ಆಳುತ್ತಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಚಂದಲೆ, ಚಿಕ್ಕವಳು ಏಚಲೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಏಚಲೆಯನ್ನು ಸಾಕಿದವಳು ಅಕ್ಕನೇ. ತಲೆ ಬಾಚಿದ್ದು ಅಕ್ಕ, ಈಜು ಕಲಿಸಿದ್ದು ಅಕ್ಕ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ತುತ್ತು ಕೊಟ್ಟದ್ದೂ ಅಕ್ಕ.

ಚಂದಲೆಯನ್ನು ಬಡಗನಾಡಿನ ರಾಜಕುಮಾರನಿಗೆ ಕೊಟ್ಟು ಮದುವೆ ಮಾಡಿದರು. ಬಡಗನಾಡು ಕಡಲಾಚೆ, ಭೂಮಿಯ ತಲೆಯ ಹತ್ತಿರ, ಹಿಮದ ಬೆಟ್ಟಗಳ ಮಗ್ಗುಲಲ್ಲಿತ್ತು. ಬಿಸಿಲಲ್ಲಿ ಬೆಳೆದ ಹುಡುಗಿ ಅಲ್ಲಿ ಹೇಗೆ ಬಾಳುತ್ತಾಳೋ ಎಂದು ಅರಮನೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆದರೆ ದಿಬ್ಬಣದವರು ಹೋಗಿ ನೋಡಿದರೆ, ಅಲ್ಲಿನ ಬಂದರಿನ ನೀರು ಹೆಪ್ಪುಗಟ್ಟಿರಲಿಲ್ಲ. ಹೊಲದಲ್ಲಿ ಜವೆಗೋದಿ ಬೆಳೆದಿತ್ತು. ಇಳಿಜಾರಿನಲ್ಲಿ ಕುರಿ ಮೇಯುತ್ತಿದ್ದವು. ಸುತ್ತ ಹಿಮ, ನಡುವೆ ಇಷ್ಟು ಬೆಚ್ಚನೆಯ ಊರು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಹುಡುಗಿ ಸುಖವಾಗಿರುತ್ತಾಳೆ ಎಂದು ಸಮಾಧಾನದಿಂದ ಮರಳಿದರು.

ಮರುವರ್ಷ ಚಂದಲೆ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಲ್ಲಾಗಬೇಕು ಎಂದು ಮಲ್ಲರಸ ಹಡಗು ಕಳಿಸಿದ. ಹಡಗು ಬಡಗನಾಡಿಗೆ ಮುಟ್ಟುವ ಹೊತ್ತಿಗೆ ಕಡಲು ಕೆರಳಿತ್ತು. "ತುಂಬಿದ ಬಸುರಿಯನ್ನು ಈ ಅಲೆಗಳ ಮೇಲೆ ಕಳಿಸುವುದು ಹೇಗೆ? ಹೆರಿಗೆ ಇಲ್ಲೇ ಆಗಲಿ, ಬೀಗರು ಬೇಸರ ಮಾಡಿಕೊಳ್ಳಬಾರದು" ಎಂದು ಅವಳ ಅತ್ತೆ ಹೇಳಿಕಳಿಸಿದಳು. ಹಡಗು ಬರಿದಾಗಿ ಮರಳಿತು. ಮಲ್ಲರಸನಿಗೆ ಬೇಸರವೂ ಆಯಿತು, ಸಿಟ್ಟೂ ಬಂತು. ಮಗಳಿಗೆಂದು ಸಜ್ಜು ಮಾಡಿಸಿದ್ದ ಕೋಣೆಗೆ ಬೀಗ ಹಾಕಿಸಿದ.

ಇಂಥ ಹೊತ್ತಿಗೇ ಅರಮನೆಗೆ ಒಬ್ಬ ಮಾಂತ್ರಿಕ ಬಂದ. ಅವನ ಬಲಗೈ ಯಾವಾಗಲೂ ಮುಚ್ಚಿಕೊಂಡೇ ಇರುತ್ತಿತ್ತು. ಅದಕ್ಕೇ ಎಲ್ಲರೂ ಅವನನ್ನು ಬಿಗಿಮುಷ್ಟಿ ಎಂದು ಕರೆಯುತ್ತಿದ್ದರು.

"ಪ್ರಭು, ಸೂರ್ಯ ನಿಮ್ಮ ನಾಡಿಗೆ ಸುರಿಯುವಷ್ಟು ಬಿಸುಪನ್ನು ಇನ್ನಾವ ನಾಡಿಗೂ ಸುರಿಯುವುದಿಲ್ಲ" ಎಂದ ಬಿಗಿಮುಷ್ಟಿ. "ಆದರೆ ಅದು ನಿಮಗೆ ಉಳಿಯುವುದಿಲ್ಲ. ಗಾಳಿ ಒಂದಿಷ್ಟು ಹೊತ್ತುಕೊಂಡು ಹೋಗುತ್ತದೆ, ಕಡಲು ಒಂದಿಷ್ಟು ಹೊತ್ತುಕೊಂಡು ಹೋಗುತ್ತದೆ. ಎಲ್ಲಿಗೆ ಗೊತ್ತೆ? ಬಡಗನಾಡಿಗೆ. ನಿಮ್ಮ ಮಗಳನ್ನು ಕಳಿಸದ ಜನ ನಿಮ್ಮ ಬಿಸುಪಿನಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದಾರೆ."

"ಅದನ್ನು ತಡೆಯಲು ಆಗುತ್ತದೆಯೆ?"

"'ನಮ್ಮದು ನಮಗೇ ಇರಲಿ' ಎಂದು ತಾವು ಒಂದು ಮಾತು ಹೇಳಿ. ಉಳಿದದ್ದು ನನಗೆ ಬಿಡಿ."

ಪಕ್ಕದಲ್ಲೇ ನಿಂತಿದ್ದ ಏಚಲೆ, "ಅಪ್ಪ, ಅಕ್ಕನೂ ಅಲ್ಲೇ ಇದ್ದಾಳಲ್ಲ" ಎಂದಳು.

"ಬೀಗರಿಗೆ ಚಳಿ ತಾಗಲಿ. ತಾವಾಗಿಯೇ ಕರೆತಂದು ಬಿಡುತ್ತಾರೆ" ಎಂದ ರಾಜ. ಸಿಟ್ಟಿನಲ್ಲಿ ಆಡಿದ ಮಾತು. ಆಮೇಲೆ ಬಿಗಿಮುಷ್ಟಿಯ ಕಡೆ ತಿರುಗಿ, "ನಮ್ಮದು ನಮಗೇ ಇರಲಿ" ಎಂದುಬಿಟ್ಟ.

ಬಿಗಿಮುಷ್ಟಿ ಸೊಂಟದಿಂದ ಒಂದು ಕರಿದಾರ ತೆಗೆದ. "ನನ್ನದು" ಎಂದು ಒಂದು ಗಂಟು ಹಾಕಿದ. ಅರಮನೆಯ ಬಾವುಟ ಜೋತುಬಿತ್ತು, ಅರಳಿ ಮರದ ಎಲೆಯೂ ಅಲುಗದೆ ನಿಂತಿತು. "ನನ್ನದು" ಎಂದು ಎರಡನೆಯ ಗಂಟು ಹಾಕಿದ. ಕಡಲಿನ ಅಲೆ ಸತ್ತು, ನೀರು ಪರಾತದಲ್ಲಿಟ್ಟ ಎಣ್ಣೆಯ ಹಾಗೆ ಸುಮ್ಮನಾಯಿತು. "ನನ್ನದು" ಎಂದು ಮೂರನೆಯ ಗಂಟು ಹಾಕಿದ. ಆಗ ಏನೂ ಆದಂತೆ ಕಾಣಲಿಲ್ಲ. ಅವನು ಆ ಗಂಟಿನಲ್ಲಿ ಯಾರನ್ನು ಕಟ್ಟಿದನೋ ನೋಡಿದವರಿಗೆ ಗೊತ್ತಾಗಲಿಲ್ಲ.

ದಿಗ್ಬಂಧನ ಮುಗಿಯಿತು. ಬಿಗಿಮುಷ್ಟಿಯ ಮುಚ್ಚಿದ ಕೈಯೊಳಗೆ ಒಂದು ಮಣಿಯಿತ್ತು. ನಾಡಿನಿಂದ ಹೊರಹೋಗಲಾಗದ ಬಿಸುಪೆಲ್ಲ ಆ ಮಣಿಯೊಳಗೆ ಇಳಿಯತೊಡಗಿತು. ತಾನೇ ಇನ್ನೊಂದು ಸೂರ್ಯನಾಗಬೇಕು, ಲೋಕವೆಲ್ಲ ತನ್ನ ಬಾಗಿಲಿಗೆ ಬಂದು ಬಿಸುಪು ಬೇಡಬೇಕು ಎಂಬುದು ಅವನ ಆಸೆಯಾಗಿತ್ತು. ಅದನ್ನು ಅವನು ರಾಜನಿಗೆ ಹೇಳಿರಲಿಲ್ಲ.

ಮಣಿ ಎಷ್ಟು ಕುಡಿದರೂ ಬಿಸುಪು ಮುಗಿಯಲಿಲ್ಲ. ನಡುನಾಡಿನಲ್ಲಿ ನೆಲ ಕಾವಲಿಯಂತೆ ಕಾಯಿತು. ಗಾಳಿಯಿಲ್ಲದೆ ಮೋಡ ಬರಲಿಲ್ಲ, ಮೋಡವಿಲ್ಲದೆ ಸಂಜೆಯ ಮಳೆ ಬರಲಿಲ್ಲ. ಕಡಲ ನೀರು ಬಿಸಿಯಾಗಿ, ಮೀನುಗಳು ಬಾಯಿ ತೆರೆದುಕೊಂಡು ಮೇಲೆ ತೇಲಿದವು. ತೊಟ್ಟಿಲ ಕೂಸುಗಳ ಮೈ ತುಂಬ ಬೆವರುಸಾಲೆ ಎದ್ದಿತು. ಮಲ್ಲರಸ ಬಿಗಿಮುಷ್ಟಿಯನ್ನು ಕರೆಸಿ, "ತಪ್ಪಾಯಿತು, ಕಟ್ಟು ಬಿಚ್ಚು" ಎಂದ.

"ಮಾತು ನಿಮ್ಮದೇ, ಪ್ರಭು. ನಾನು ಕಟ್ಟಬಲ್ಲೆ, ಬಿಚ್ಚಲಾರೆ" ಎಂದು ಹೇಳಿ ಮಾಂತ್ರಿಕ ಹೊರಟುಹೋದ.

ಒಂದು ಮಧ್ಯಾಹ್ನ ಏಚಲೆ ಮಹಡಿಯ ಮೇಲೆ ನಿಂತಿದ್ದಾಗ, ಒಂದು ಬಿಳಿ ಕಡಲಹಕ್ಕಿ ಅವಳ ಕಾಲ ಬಳಿ ಬಂದು ಬಿತ್ತು. ಅದರ ರೆಕ್ಕೆ ಸೋತುಹೋಗಿತ್ತು. ಏಚಲೆ ಬೊಗಸೆಯಲ್ಲಿ ನೀರು ಕುಡಿಸಿದಳು.

"ಗಾಳಿಯಿಲ್ಲದ ಆಕಾಶದಲ್ಲಿ ಇಷ್ಟು ದೂರ ರೆಕ್ಕೆ ಬಡಿದುಕೊಂಡೇ ಬಂದೆ" ಎಂದಿತು ಹಕ್ಕಿ. "ನಿನ್ನ ಅಕ್ಕ ಗಂಡು ಮಗುವನ್ನು ಹೆತ್ತಿದ್ದಾಳೆ. ಬಡಗನಾಡಿನ ಬಂದರು ಹೆಪ್ಪುಗಟ್ಟಿದೆ. ಸೌದೆ ಮುಗಿಯುತ್ತಾ ಬಂದಿದೆ. ಹಸಿ ಬಾಣಂತಿ, ಮಗುವನ್ನು ಧಾರೆ ಸೀರೆಯಲ್ಲಿ ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದಾಳೆ. ತವರಿಗೆ ಹೇಳು ಅಂದಳು."

"ಏನು ಹೇಳಬೇಕಂತೆ?"

"ಅಷ್ಟೇ ಅಂದಳು. ತವರಿಗೆ ಹೇಳು ಅಂತ."

ಏಚಲೆ ತಂದೆಯ ಬಳಿ ಹೋದಳು. ಹಕ್ಕಿ ಹೇಳಿದ್ದನ್ನು ಕೇಳಿ ಮಲ್ಲರಸ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ನಾನು ಹೋಗುತ್ತೇನೆ, ಅಪ್ಪ."

"ನನ್ನ ಮಾತಿನಿಂದ ಆದದ್ದು, ಏಚವ್ವ. ನಾನು ಹೋಗಬೇಕು."

"ನೀವು ಇಲ್ಲಿರಿ. ಬಾವಿಯ ನೀರು ಎಲ್ಲರಿಗೂ ಸಮನಾಗಿ ಸಿಗುವ ಹಾಗೆ ನೋಡಿಕೊಳ್ಳಿ. ನನ್ನನ್ನು ಸಾಕಿದವಳು ಅಕ್ಕ. ಅವಳಿಗೆ ನಾನು ಇನ್ನೂ ಏನೂ ಮಾಡಿಲ್ಲ."

ತಂದೆ ಅವಳ ತಲೆಯ ಮೇಲೆ ಕೈಯಿಟ್ಟ. ಏಚಲೆ ಒಂದು ಚರ್ಮದ ಚೀಲದ ತುಂಬ ನೀರು ತುಂಬಿಕೊಂಡು ಹೊರಟಳು.

ಹಕ್ಕಿ ದಾರಿ ತೋರಿಸಿತು. ನಡುನಾಡಿನ ಅಂಚಿನಲ್ಲಿ ಕೆಂಡಗಿರಿ ಎಂಬ ಬೆಟ್ಟವಿತ್ತು. ಗಾಳಿಯನ್ನು ಕಟ್ಟಿಹಾಕಿದ್ದು ಅದರ ತುದಿಯಲ್ಲಿ. ಅರ್ಧ ಬೆಟ್ಟ ಏರಿದಾಗ ಒಂದು ಉರಿಸಿಂಹ ಅಡ್ಡ ಬಂತು. ಅದರ ಕೇಸರವೆಲ್ಲ ಬೆಂಕಿ. ನಾಲಿಗೆ ಒಣಗಿ ಕರ್ರಗಾಗಿತ್ತು.

"ಮುಂದೆ ಬಂದರೆ ತಿನ್ನುತ್ತೇನೆ" ಎಂದಿತು ಸಿಂಹ.

ಏಚಲೆ ಆ ನಾಲಿಗೆಯನ್ನು ನೋಡಿದಳು. "ಯಾವಾಗಿನಿಂದ ನೀರು ಕುಡಿದಿಲ್ಲ?"

ಸಿಂಹವನ್ನು ಕಾವಲಿಗೆ ಹಾಕಿದ ಬಿಗಿಮುಷ್ಟಿ ಎಂದೂ ಆ ಪ್ರಶ್ನೆ ಕೇಳಿರಲಿಲ್ಲ. ಏಚಲೆ ಚೀಲದ ಬಾಯಿ ಬಿಚ್ಚಿ ಅದರ ಮುಂದಿಟ್ಟಳು. ತನಗೆ ಒಂದು ಗುಟುಕನ್ನೂ ಉಳಿಸಿಕೊಳ್ಳಲಿಲ್ಲ. ಸಿಂಹ ಗಟಗಟನೆ ಕುಡಿಯಿತು. ಅದರ ಕೇಸರದ ಬೆಂಕಿ ಆರಿ, ಒಳಗಿನಿಂದ ಹೊಂಬಣ್ಣದ ಕೂದಲು ಕಂಡಿತು. ಅದು ದಾರಿಯ ಪಕ್ಕಕ್ಕೆ ಸರಿದು ಮಲಗಿ, ಬಹಳ ದಿನಗಳ ಮೇಲೆ ಕಣ್ಣು ಮುಚ್ಚಿತು.

ಬೆಟ್ಟದ ತುದಿಯಲ್ಲಿ ಗಾಳಿ ಇತ್ತು. ಅದು ಒಂದು ದೊಡ್ಡ ಹದ್ದು. ರೆಕ್ಕೆ ಬಿಚ್ಚಿದರೆ ಒಂದು ಊರಿಗೆ ನೆರಳಾಗುವಷ್ಟು ದೊಡ್ಡದು. ಅದರ ಕಾಲುಗಳಿಗೆ ಕರಿದಾರ ಸುತ್ತಿತ್ತು. ಏಚಲೆ ಗಂಟನ್ನು ಎಳೆದಳು. ಎಳೆದಷ್ಟೂ ಅದು ಬಿಗಿಯಿತು.

"ಎಳೆಯಬೇಡ ತಂಗಿ" ಎಂದಿತು ಹದ್ದು. "ಇದು 'ನನ್ನದು' ಎನ್ನುತ್ತಾ ಹಾಕಿದ ಗಂಟು. ಬಲ ಹಾಕಿದರೆ ಬಿಚ್ಚುವುದಿಲ್ಲ. ನನ್ನಿಂದ ನಿನಗೆ ಏನಾದರೂ ಬಂದಿದ್ದರೆ ಅದನ್ನು ಹೇಳು. ನಿಜವಾದದ್ದನ್ನು ಹೇಳು."

ಏಚಲೆ ಯೋಚಿಸಿದಳು. "ಅಣ್ಣ, ನಾನು ಚಿಕ್ಕವಳಿದ್ದಾಗ ಎಣ್ಣೆನೀರು ಹಾಕಿಕೊಂಡ ದಿನ ಅಕ್ಕ ನನ್ನನ್ನು ಮಹಡಿಯ ಮೇಲೆ ಕೂರಿಸಿ ತಲೆಗೂದಲು ಹರಡುತ್ತಿದ್ದಳು. ನೀನು ಬಂದು ಒಣಗಿಸುತ್ತಿದ್ದೆ. ನನಗೆ ನಿದ್ದೆ ಬಂದುಬಿಡುತ್ತಿತ್ತು. ಸಂಜೆಯ ಮಳೆಯನ್ನು ಹೊತ್ತು ತರುತ್ತಿದ್ದವನೂ ನೀನೇ. ನಾವು ಒಂದು ದಿನವೂ ನಿನ್ನನ್ನು ನೆನೆಯಲಿಲ್ಲ. ಈಗ ನೆನೆಯುತ್ತೇನೆ. ನಿನ್ನಿಂದ ಬಹಳ ಉಪಕಾರವಾಯಿತು."

ಗಂಟು ಸಡಿಲಾಯಿತು, ದಾರ ಕಳಚಿ ಬಿತ್ತು. ಹದ್ದು ಮೈ ಕೊಡವಿತು. ಬೆಟ್ಟದ ಕೆಳಗೆ ಎಲ್ಲೋ ಒಂದು ಕಿಟಕಿಯ ಬಾಗಿಲು ಪಟ್ ಎಂದು ಬಡಿದುಕೊಂಡಿತು. ಆ ಸದ್ದು ಕೇಳಿ ಏಚಲೆಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಬೆನ್ನ ಮೇಲೆ ಕೂತುಕೋ" ಎಂದಿತು ಹದ್ದು.

ಕಾದ ನೆಲದ ಬಿಸುಪನ್ನೆಲ್ಲ ರೆಕ್ಕೆಯ ಕೆಳಗೆ ತುಂಬಿಕೊಂಡು ಹದ್ದು ನೇರ ಮೇಲಕ್ಕೆ ಏರಿತು. ಮೋಡಗಳಿರುವ ಎತ್ತರಕ್ಕಿಂತಲೂ ಮೇಲೆ ಏರಿತು. ಅಲ್ಲಿಂದ ಬಡಗಣ ದಿಕ್ಕಿಗೆ ತಿರುಗಿತು. ಸ್ವಲ್ಪ ಹೊತ್ತಿಗೆ ಏಚಲೆ, "ಅಣ್ಣ, ನೀನು ಬಲಕ್ಕೆ ವಾಲುತ್ತಿದ್ದೀಯಲ್ಲ" ಎಂದಳು.

"ನಾನು ನೇರವಾಗಿಯೇ ಹಾರುತ್ತೇನೆ. ಕೆಳಗೆ ಭೂಮಿ ಸುಮ್ಮನಿರುವುದಿಲ್ಲವಲ್ಲ, ಬುಗುರಿಯ ಹಾಗೆ ತಿರುಗುತ್ತಲೇ ಇರುತ್ತದೆ. ಅದಕ್ಕೇ ನನ್ನ ದಾರಿ ಓರೆಯಾಗುತ್ತದೆ. ಹಾಯಿ ಕಟ್ಟುವ ನಾವಿಕರಿಗೆಲ್ಲ ಇದು ಗೊತ್ತು."

ಹೋಗುತ್ತಾ ಹೋಗುತ್ತಾ ಹದ್ದಿನ ಮೈ ತಣ್ಣಗಾಯಿತು. ಅರ್ಧ ದಾರಿಯಲ್ಲಿ ಅದು ಕೆಳಗಿಳಿಯತೊಡಗಿತು. "ನನ್ನ ಪಾಲಿನ ದಾರಿ ಇಷ್ಟೇ" ಎಂದಿತು. "ಇಲ್ಲಿಂದ ಮುಂದಕ್ಕೆ ನನ್ನ ತಮ್ಮಂದಿರು ಹೊತ್ತೊಯ್ಯುತ್ತಾರೆ. ಹೊರೆ ಬಾರದೆ ಅವರೂ ಸೋತು ಮಲಗಿದ್ದರು, ನೋಡು, ಈಗ ಏಳುತ್ತಿದ್ದಾರೆ. ನಾನು ನೆಲಕ್ಕೆ ಹತ್ತಿರವಾಗಿ ಹಾರಿ ನಡುನಾಡಿಗೆ ಮರಳಬೇಕು. ದಾರಿಯಲ್ಲಿ ಕಡಲಿನಿಂದ ಒಂದಿಷ್ಟು ಮಳೆ ಹೊತ್ತುಕೊಳ್ಳಬೇಕು."

ಕಡಲ ನಡುವಿನ ಒಂದು ಬಂಡೆಯ ಮೇಲೆ ಅವಳನ್ನು ಇಳಿಸಿ ಹದ್ದು ಹೊರಟಿತು. ಏಚಲೆ ಅದು ಕಾಣುವವರೆಗೂ ಕೈ ಮುಗಿದು ನಿಂತಿದ್ದಳು.

ಆ ಬಂಡೆಗೆ ಒಂದು ತಿಮಿಂಗಿಲವನ್ನು ಕಟ್ಟಿಹಾಕಲಾಗಿತ್ತು. ಅದರ ಬೆನ್ನು ಒಂದು ದ್ವೀಪದಷ್ಟು ಅಗಲ. ಮುಟ್ಟಿದರೆ ಹಂಡೆಯ ಮಗ್ಗುಲು ಮುಟ್ಟಿದಷ್ಟು ಬೆಚ್ಚಗೆ. ನಡುನಾಡಿನ ಕಡಲಿನಿಂದ ಬಡಗನಾಡಿನ ಬಂದರಿಗೆ ಬಿಸಿನೀರು ಹೊತ್ತು ಹರಿಯುತ್ತಿದ್ದ ಹೊಳೆಯೇ ಅದು. ಕಡಲೊಳಗಿನ ಹೊಳೆ. ಕರಿದಾರ ಅದರ ಬಾಲಕ್ಕೆ ಬಿಗಿದು ಚರ್ಮವನ್ನು ಕೊರೆದಿತ್ತು.

"ತಾಯಿ, ನಿನ್ನನ್ನು ಬಿಡಿಸಲು ಬಂದೆ" ಎಂದಳು ಏಚಲೆ.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಮಲ್ಲರಸ ಬಂದ. ಕಿರೀಟ ಓರೆಯಾಗಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಮಗಳೇ, ಸಾಕು. ಹಿಂದಿರುಗು. ನನಗೆ ಆರೋಗ್ಯ ಸರಿಯಿಲ್ಲ. ಈ ಹೊತ್ತಿನಲ್ಲಿ ನೀನು ನನ್ನ ಹತ್ತಿರ ಇರಬೇಕು."

ಏಚಲೆ ಓಡಿಹೋಗಿ ಅವನ ಕೈ ಹಿಡಿಯಬೇಕೆಂದಿದ್ದಳು. "ಅಪ್ಪ, ಇಷ್ಟು ದೂರ ಹೇಗೆ ಬಂದಿರಿ?"

"ಹೇಗೋ ಬಂದೆ. ಅವಳು ಮದುವೆಯಾಗಿ ಹೋದವಳು. ನೀನು ನನ್ನ ಮಗಳು. ನನ್ನ ಮಾತು ಕೇಳು. ನನ್ನ ಅರಮನೆಗೆ ಬಾ."

ತಿಮಿಂಗಿಲ ನರಳಿತು. ಏಚಲೆ ತಿರುಗಿ ನೋಡಿದಳು. ಬಾಲದ ಮೇಲಿನ ದಾರ ಮೊದಲಿಗಿಂತ ಆಳಕ್ಕೆ ಇಳಿದಿತ್ತು.

"ಇನ್ನೊಮ್ಮೆ ಹೇಳಿ, ಅಪ್ಪ."

"ನೀನು ನನ್ನ ಮಗಳು ಅಂದೆ."

ತಿಮಿಂಗಿಲ ಮತ್ತೆ ನರಳಿತು. ದಾರ ಮತ್ತೂ ಬಿಗಿಯಿತು. ಏಚಲೆ ಒಂದು ಹೆಜ್ಜೆ ಹಿಂದೆ ಸರಿದಳು. ಅವನ ಬಲಗೈ ನೋಡಿದಳು. ಅದು ಮುಚ್ಚಿಕೊಂಡೇ ಇತ್ತು.

"ನನ್ನ ತಂದೆ ನನ್ನನ್ನು ಏಚವ್ವ ಎಂದು ಕರೆಯುತ್ತಾರೆ" ಎಂದಳು. "ತಲೆಯ ಮೇಲೆ ಕೈಯಿಟ್ಟು ಕಳಿಸಿಕೊಟ್ಟಿದ್ದಾರೆ. ನೀವು ಯಾರೆಂದು ಗೊತ್ತಾಯಿತು, ದಾರಿ ಬಿಡಿ."

ಮಲ್ಲರಸನ ರೂಪ ಕರಗಿ ಬಿಗಿಮುಷ್ಟಿ ಕಂಡ. ಅವನು ಅವಳತ್ತ ನುಗ್ಗುವಷ್ಟರಲ್ಲಿ ಏಚಲೆ ನೀರಿಗೆ ಹಾರಿ ತಿಮಿಂಗಿಲದ ಬಾಲವನ್ನು ತಬ್ಬಿಕೊಂಡಳು.

"ತಾಯಿ, ನಾನು ಈಜು ಕಲಿತದ್ದು ನಿನ್ನ ನೀರಿನಲ್ಲಿ. ಮುಳುಗುತ್ತೇನೆಂದು ಅಳುತ್ತಿದ್ದಾಗ ನೀನು ಬೆಚ್ಚಗೆ ಎತ್ತಿ ಹಿಡಿಯುತ್ತಿದ್ದೆ. ಅಕ್ಕನ ಊರಿನ ಬಂದರು ಯಾಕೆ ಹೆಪ್ಪುಗಟ್ಟುತ್ತಿರಲಿಲ್ಲ ಅಂತ ಈಗ ಗೊತ್ತಾಯಿತು. ನಮ್ಮ ಹುಡುಗಿಯನ್ನು ನಾವು ಒಂದೇ ಸಲ ಬಿಟ್ಟುಬಂದೆವು. ನೀನು ದಿನಾ ಹೋಗಿ ನೋಡಿಕೊಂಡು ಬರುತ್ತಿದ್ದೆ. ನಿನ್ನ ಋಣ ನಾನು ಹೇಗೆ ತೀರಿಸಲಿ?"

ದಾರ ಕಳಚಿತು. ತಿಮಿಂಗಿಲ ಒಮ್ಮೆ ಬಾಲ ಬಡಿದಾಗ ಎದ್ದ ಅಲೆಗೆ ಬಿಗಿಮುಷ್ಟಿ ಬಂಡೆಯ ಆಚೆ ಹೋಗಿ ಬಿದ್ದ. ಏಚಲೆಯನ್ನು ಬೆನ್ನಮೇಲೆ ಹೊತ್ತುಕೊಂಡು ತಿಮಿಂಗಿಲ ಬಡಗಣಕ್ಕೆ ಹೊರಟಿತು. ಅದರ ಹಿಂದೆ ಬಿಸಿನೀರಿನ ಹೊಳೆ ಹರಿದು ಬಂತು. ಗಾಳಿಯ ತಮ್ಮಂದಿರು ಆ ನೀರಿನ ಬಿಸುಪನ್ನು ಬೊಗಸೆ ಬೊಗಸೆಯಾಗಿ ಎತ್ತಿಕೊಂಡು ದಡದ ಕಡೆ ಓಡುತ್ತಿದ್ದರು.

ಬಡಗನಾಡಿನ ಬಂದರಿನ ಹಿಮ ಸಿಡಿದು ದಾರಿ ಬಿಟ್ಟಿತು. ಏಚಲೆ ಅರಮನೆಗೆ ಓಡಿದಳು. ಬಾಗಿಲು ತೆರೆದರೆ, ಒಲೆಯ ಮುಂದೆ ಚಂದಲೆ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಎದೆಗೆ ಒತ್ತಿಕೊಂಡ ಧಾರೆ ಸೀರೆಯ ಗಂಟಿನೊಳಗಿನಿಂದ ಒಂದು ಪುಟ್ಟ ಮೂಗು ಮಾತ್ರ ಕಾಣುತ್ತಿತ್ತು.

"ಏಚಿ, ನೀನಾ?" ಎಂದಳು ಅಕ್ಕ. ಆಮೇಲೆ, "ಕಾಲು ಒದ್ದೆಯಾಗಿದೆ. ಒಲೆ ಹತ್ತಿರ ಬಾ" ಎಂದಳು.

ಏಚಲೆ ಅಕ್ಕನ ಪಕ್ಕ ಕೂತು ಮಗುವಿನ ಅಂಗಾಲನ್ನು ಕೈಯಲ್ಲಿ ಹಿಡಿದಳು. ತಣ್ಣಗಿತ್ತು. ಕಿಟಕಿಯಿಂದ ಒಂದು ಬೆಚ್ಚನೆಯ ಗಾಳಿ ಬಂದು ಕೋಣೆಯೊಳಗೆ ಸುಳಿಯಿತು.

"ತವರಿನ ಗಾಳಿ" ಎಂದಳು ಚಂದಲೆ. "ನನಗೆ ವಾಸನೆ ಗೊತ್ತಾಗುತ್ತದೆ."

ಆದರೆ ಆ ಗಾಳಿ ಬಂದಷ್ಟೇ ಬೇಗ ನಿಂತಿತು. ಬಂದರಿನಲ್ಲಿ ಹಿಮ ಮತ್ತೆ ಕಟ್ಟತೊಡಗಿತು. ಏಚಲೆ ದಡಕ್ಕೆ ಓಡಿದಳು. ತಿಮಿಂಗಿಲ ಅಲ್ಲೇ ನಿಂತುಬಿಟ್ಟಿತ್ತು.

"ಹಿಂದಿನಿಂದ ನೀರು ಬರುವುದಕ್ಕೆ ಜಾಗವಿಲ್ಲ, ಮಗಳೇ" ಎಂದಿತು. "ನಾನು ತಂದ ನೀರು ಇಲ್ಲಿ ಬಿಸುಪು ಕೊಟ್ಟು ತಣ್ಣಗಾಗುತ್ತದೆ. ತಣ್ಣಗಾದ ಉಪ್ಪುನೀರು ಭಾರವಾಗಿ ತಳಕ್ಕೆ ಇಳಿಯಬೇಕು. ತಳದಲ್ಲಿ ಅದನ್ನು ಹೊತ್ತು ವಾಪಸು ಒಯ್ಯುವವಳು ಒಬ್ಬಳಿದ್ದಾಳೆ. ಅವಳು ಹೊರಟರೆ ತಾನೆ ನನಗೆ ದಾರಿ? ಅವಳನ್ನೂ ಕಟ್ಟಿದ್ದಾರೆ."

ಮೂರನೆಯ ಗಂಟು ಯಾರದೆಂದು ಏಚಲೆಗೆ ಆಗ ತಿಳಿಯಿತು.

ತಿಮಿಂಗಿಲ ತನ್ನ ಉಸಿರಿನ ಒಂದು ಗುಳ್ಳೆ ಊದಿತು. ಏಚಲೆ ಆ ಗುಳ್ಳೆಯೊಳಗೆ ಕೂತು ಹಿಮದ ಕೆಳಗೆ, ಕತ್ತಲೆಯ ಕೆಳಗೆ, ಕಡಲಿನ ತಳಕ್ಕೆ ಇಳಿದಳು. ಅಲ್ಲಿ ಒಂದು ಮುದಿ ಆಮೆ ಇತ್ತು. ಅದರ ಚಿಪ್ಪಿನ ಮೇಲೆ ಲೋಕದ ಚಳಿಯೆಲ್ಲ ಹೇರಿದಂತಿತ್ತು. ಕಣ್ಣು ಕಾಣುತ್ತಿರಲಿಲ್ಲ. ನಾಲ್ಕೂ ಕಾಲಿಗೆ ಕರಿದಾರ ಬಿಗಿದಿತ್ತು.

ಏಚಲೆ ಅವಸರದಲ್ಲಿದ್ದಳು. ಮಗುವಿನ ತಣ್ಣನೆಯ ಅಂಗಾಲು ಇನ್ನೂ ಅವಳ ಕೈಯಲ್ಲೇ ಇದ್ದಂತಿತ್ತು. "ಅಜ್ಜಿ, ನಿಮ್ಮಿಂದ ಉಪಕಾರವಾಯಿತು" ಎಂದಳು. ಗಂಟು ಅಲುಗಲಿಲ್ಲ. "ನಿಮ್ಮ ಉಪಕಾರ ದೊಡ್ಡದು ಅಜ್ಜಿ, ಬಹಳ ದೊಡ್ಡದು" ಎಂದಳು. ಗಂಟು ಆಗಲೂ ಅಲುಗಲಿಲ್ಲ.

"ಸುಮ್ಮನೆ ಹೇಳಬೇಡ ಕೂಸೇ" ಎಂದಳು ಆಮೆಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಳಿಯನ್ನು ಕಂಡರೆ ಜನಕ್ಕೆ ಇಷ್ಟ. ಬಿಸಿನೀರೂ ಇಷ್ಟ. ಚಳಿಯನ್ನು ಯಾರು ಬಯಸುತ್ತಾರೆ? ನನಗೆ ಯಾರೂ ಏನೂ ಹೇಳಿಲ್ಲ. ನೀನೂ ಹೇಳಬೇಕಾಗಿಲ್ಲ."

ಏಚಲೆಗೆ ನಾಚಿಕೆಯಾಯಿತು. ಬಿಡಿಸಲು ಬಂದವಳು, ಎದುರಿಗಿರುವವಳು ಯಾರೆಂದೂ ಕೇಳಿರಲಿಲ್ಲ. ಅವಳು ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ನೀವು ಏನು ಮಾಡುತ್ತೀರಿ? ನನಗೆ ಗೊತ್ತಿಲ್ಲ, ಹೇಳಿ."

ಯಾರೂ ಕೇಳದ ಪ್ರಶ್ನೆಗೆ ಉತ್ತರ ಹುಡುಕಲು ಆಮೆಜ್ಜಿಗೆ ಸಮಯ ಬೇಕಾಯಿತು.

"ನಾನು ನಿಧಾನ" ಎಂದಳು. "ಒಂದು ಸುತ್ತು ಹೋಗಿಬರಲು ಸಾವಿರ ವರ್ಷವೇ ಬೇಕಾದೀತು. ಇಲ್ಲಿ ತಣ್ಣನೆಯ ನೀರು ಇಳಿಯುವಾಗ ಮೇಲಿನ ಗಾಳಿಯ ಉಸಿರೂ ಅದರ ಜೊತೆ ಇಳಿಯುತ್ತದೆ. ಅದನ್ನು ತಳದ ಉದ್ದಕ್ಕೂ ಹಂಚುತ್ತಾ ಹೋಗುತ್ತೇನೆ. ಬೆಳಕು ಕಾಣದ ಜೀವಗಳು ಉಸಿರಾಡುವುದು ಅದರಿಂದಲೇ. ಹೋಗುತ್ತಾ ತಳದಲ್ಲಿ ಬಿದ್ದ ಸಾರವನ್ನೆಲ್ಲ ಬಾಚಿಕೊಳ್ಳುತ್ತೇನೆ. ದೂರದ ಬಿಸಿಲ ನಾಡುಗಳ ದಡದಲ್ಲಿ ಮೇಲೆ ಬಂದು ಅದನ್ನು ಸುರಿಯುತ್ತೇನೆ. ಅದನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಹಸುರು ತಿನ್ನುತ್ತದೆ, ಹಸುರನ್ನು ಸಿಗಡಿ ತಿನ್ನುತ್ತದೆ, ಸಿಗಡಿಯನ್ನು ಮೀನು. ಅಲ್ಲಿನ ನೀರಿಗೆ ಒಂದಿಷ್ಟು ತಂಪೂ ಆಗುತ್ತದೆ. ಅಷ್ಟೇ ನನ್ನ ಕೆಲಸ."

ಏಚಲೆಗೆ ಅಮ್ಮ ಸತ್ತ ವರ್ಷ ನೆನಪಾಯಿತು. ಆಗ ಏಚಲೆಗೆ ಜ್ವರ ಬಿಟ್ಟಿರಲಿಲ್ಲ. ಏನು ಕೊಟ್ಟರೂ ಉಗುಳುತ್ತಿದ್ದಳು. ಒಂದು ಬೆಳಗ್ಗೆ ಅಕ್ಕ ತಾನೇ ದಡಕ್ಕೆ ಹೋಗಿ ಬೂತಾಯಿ ಮೀನು ತಂದು, ತೆಳ್ಳಗೆ ಸಾರು ಮಾಡಿ, ಗಂಜಿಗೆ ಕಲೆಸಿ ಬಾಯಿಗಿಟ್ಟಿದ್ದಳು. ಮೊದಲ ಬಾರಿಗೆ ತುತ್ತು ಒಳಗೆ ಹೋಗಿತ್ತು. ಎರಡನೆಯ ತುತ್ತಿಗೆ ಬಾಯಿ ತೆರೆದಾಗ ಅಕ್ಕ ಅತ್ತಿದ್ದಳು.

"ಅಜ್ಜಿ" ಎಂದಳು ಏಚಲೆ. "ನಾನು ಬದುಕಿದ್ದು ಆ ಮೀನಿನಿಂದ. ಬಡಿಸಿದ ಅಕ್ಕನನ್ನು ನೆನೆದಿದ್ದೇನೆ, ಹಿಡಿದ ಬೆಸ್ತರನ್ನು ನೆನೆದಿದ್ದೇನೆ. ಇಷ್ಟು ಆಳದಲ್ಲಿ ಕತ್ತಲೆಯಲ್ಲಿ ನೀವು ನಡೆಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ನೀವು ನನಗೆ ಊಟ ಹೊತ್ತುಕೊಂಡು ಹೊರಟಿದ್ದಿರಿ."

ಅವಳು ಆಮೆಯ ಒರಟು ಕಾಲಿಗೆ ಹಣೆ ಹಚ್ಚಿದಳು. ದಾರ ಬೂದಿಯಾಗಿ ಉದುರಿತು.

"ಸಾವಿರಾರು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ" ಎಂದು ಹೇಳಿ ಆಮೆಜ್ಜಿ ಮೆಲ್ಲಗೆ ಕಾಲು ಚಾಚಿದಳು. ಒಂದು ಹೆಜ್ಜೆ ಇಟ್ಟಳು. ಆ ಒಂದು ಹೆಜ್ಜೆಗೆ ಇಡೀ ಕಡಲು ಮಗ್ಗುಲಾಯಿತು. ತಣ್ಣನೆಯ ನೀರು ತಳಕ್ಕಿಳಿಯಿತು, ಬೆಚ್ಚನೆಯ ನೀರು ಅದರ ಜಾಗಕ್ಕೆ ಬಂತು. ಮೇಲೆ ತಿಮಿಂಗಿಲ ಉಸಿರು ಬಿಟ್ಟ ಸದ್ದು ತಳದವರೆಗೂ ಕೇಳಿಸಿತು.

ಏಚಲೆ ಮೇಲೆ ಬಂದಾಗ ಬಂದರಿನ ದಡದಲ್ಲಿ ಬಿಗಿಮುಷ್ಟಿ ನಿಂತಿದ್ದ. ಮೂರೂ ಗಂಟು ಬಿಚ್ಚಿದ್ದರಿಂದ ಮಣಿಯೊಳಗಿನ ಬಿಸುಪು ಹೊರಗೆ ಹೋಗಲು ಒದ್ದಾಡುತ್ತಿತ್ತು. ಅವನು ಎರಡೂ ಕೈಯಿಂದ ಮುಷ್ಟಿಯನ್ನು ಅದುಮಿ ಹಿಡಿದಿದ್ದ. ಬೆರಳುಗಳ ಸಂದಿಯಿಂದ ಹೊಗೆ ಬರುತ್ತಿತ್ತು.

"ಕೈ ಬಿಚ್ಚಿ, ಅಯ್ಯಾ" ಎಂದಳು ಏಚಲೆ.

"ನನ್ನದು" ಎಂದ ಅವನು, ಹಲ್ಲು ಕಚ್ಚಿಕೊಂಡು.

"ಸುಡುತ್ತಿದೆ ನಿಮಗೆ. ಬಿಚ್ಚಿ."

ಅವನು ಬಿಚ್ಚಲಿಲ್ಲ. ಬಿಸುಪೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ಮಣಿ ಹಿಮದ ಮೇಲೆ ಬಿದ್ದು, ನೀರಿನ ಹನಿಯ ಹಾಗೆ ಕರಗಿ, ಹರಿದುಹೋಯಿತು. ಅದರ ಜೊತೆಗೆ ಅವನ ಮಂತ್ರಶಕ್ತಿಯೂ ಹೋಯಿತು. ಅಲ್ಲಿ ಉಳಿದವನು ಸುಟ್ಟ ಕೈಯ ಒಬ್ಬ ಮುದುಕ. ಅವನು ಗಡಗಡ ನಡುಗುತ್ತಿದ್ದ.

ಬಡಗನಾಡಿನ ಕಾವಲಿನವರು ಈಟಿ ಎತ್ತಿ ಬಂದರು. ಅಷ್ಟರಲ್ಲಿ ಅರಮನೆಯ ಬಾಗಿಲಿಂದ ಚಂದಲೆ ಕೂಗಿ ಹೇಳಿದಳು, "ಅವನನ್ನು ಒಳಗೆ ಕರೆತನ್ನಿ. ಒಲೆಯ ಹತ್ತಿರ ಕೂರಿಸಿ."

"ಅಕ್ಕ, ನಿನ್ನ ಮಗು ಸಾಯುವುದರಲ್ಲಿತ್ತು, ಇವನಿಂದ" ಎಂದಳು ಏಚಲೆ.

"ಗೊತ್ತು ಏಚಿ. ಚಳಿ ಅಂದರೆ ಏನು ಅಂತ ಈ ಕೆಲವು ದಿನ ನೋಡಿದ್ದೇನೆ. ಈಗ ಬಂದಿರುವ ಬಿಸುಪು ನಮ್ಮದೇನೂ ಅಲ್ಲ, ಬೇರೆಯವರು ಹೊತ್ತು ತಂದುಕೊಟ್ಟದ್ದು. ಅವನಿಗೆ ಇಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ."

ಮುದುಕನನ್ನು ಒಲೆಯ ಮುಂದೆ ಕೂರಿಸಿದರು. ಕೈಗೆ ಬೆಣ್ಣೆ ಹಚ್ಚಿದರು. ಅವನು ತಲೆ ಎತ್ತಲಿಲ್ಲ. ಆ ಕೈ ಗಾಯ ಮಾದ ಮೇಲೂ ಮುಷ್ಟಿ ಹಿಡಿಯಲು ಬರಲೇ ಇಲ್ಲ. ಆದರೆ ತೊಟ್ಟಿಲು ತೂಗಲು ಅಂಗೈ ಸಾಕಾಗಿತ್ತು. ಒಂದು ದಿನ ಮಗು ಅಳುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ, ಅವನು ಮೆಲ್ಲಗೆ ತೂಗಿದ. ಮಗು ಸುಮ್ಮನಾಯಿತು. ಅಂದಿನಿಂದ ಆ ಕೆಲಸ ಅವನದಾಯಿತು.

ಇತ್ತ ನಡುನಾಡಿನಲ್ಲಿ ಹದ್ದು ಮಳೆ ಹೊತ್ತು ತಂದಿತ್ತು. ಜನ ಬೀದಿಯಲ್ಲಿ ನಿಂತು ನೆನೆದರು. ಕಡಲು ತಣಿಯಿತು, ಬಲೆಗೆ ಮೀನು ಬಿತ್ತು. ಗಾಳಿ ತುಂಬಿದ ಮೊದಲ ಹಡಗನ್ನೇರಿ ಮಲ್ಲರಸ ಬಡಗನಾಡಿಗೆ ಹೊರಟ.

ಹಡಗಿನಿಂದ ಇಳಿದವನು ನೇರ ಮಗಳ ಮುಂದೆ ಹೋಗಿ ನಿಂತ. ಏನೇನೋ ಹೇಳಬೇಕೆಂದುಕೊಂಡು ಬಂದಿದ್ದ.

"ಚಂದವ್ವ, ನಾನೇ ಆ ಮಾತು ಆಡಿದ್ದು" ಎಂದಷ್ಟೇ ಹೇಳಿದ.

"ಏಚಿ ಎಲ್ಲ ಹೇಳಿದಳು, ಅಪ್ಪ" ಎಂದಳು ಚಂದಲೆ. "ನನ್ನನ್ನು ನೋಡಬೇಕು ಅನ್ನೋ ಆಸೆಗೆ ಬಂದ ಸಿಟ್ಟು ಅದು. ನನಗೆ ಗೊತ್ತಾಗುವುದಿಲ್ಲವೆ?"

ಅತ್ತೆ ಬಂದು ಬೀಗರಿಗೆ ಕಾಲಿಗೆ ನೀರು ಕೊಟ್ಟಳು. "ಅಂದು ಹಡಗನ್ನು ಬರಿದಾಗಿ ಕಳಿಸಿದ್ದಕ್ಕೆ ನನಗೂ ನೋವಾಗಿತ್ತು, ಅಣ್ಣ" ಎಂದಳು. "ನನಗೂ ಸಿಟ್ಟು ನುಂಗಲು ಬರಬೇಕಿತ್ತು, ತಾಯಿ" ಎಂದ ರಾಜ.

ಮಗುವಿಗೆ ಹೆಸರಿಡುವ ದಿನ ಮಲ್ಲರಸ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕಡಲ ದಂಡೆಯಲ್ಲಿ ಕೂತ. ಮಗುವಿನ ಕಾಲನ್ನು ಅಲೆಗೆ ತಾಗಿಸಿದ. ನೀರು ಬೆಚ್ಚಗಿತ್ತು. ಏಚಲೆ ಪಕ್ಕದಲ್ಲಿ ಬಂದು ಕೂತಳು.

"ಏಚವ್ವ, ಇದು ನಮ್ಮೂರಿನ ನೀರು" ಎಂದ ಅವನು. "ನನಗಿಂತ ಮುಂಚೆ ಬಂದು ಮಗಳ ಬಾಗಿಲು ಮುಟ್ಟಿದೆ." ಆಮೇಲೆ ಅವನು ತಲೆಯ ಮೇಲಿನ ಕಿರೀಟ ತೆಗೆದು ಪಕ್ಕದಲ್ಲಿಟ್ಟು, ಗಾಳಿಗೊಮ್ಮೆ, ಕಡಲಿಗೊಮ್ಮೆ ಕೈಮುಗಿದ. ಮೂರನೆಯ ಸಲ ಬಾಗಿ ಮರಳಿಗೆ ಹಣೆ ಮುಟ್ಟಿಸಿದ. ಕಾಣದ ಆಳದಲ್ಲಿ ಆಮೆಜ್ಜಿ ಅಷ್ಟು ಹೊತ್ತಿಗೆ ಇನ್ನೊಂದು ಹೆಜ್ಜೆ ಇಟ್ಟಿದ್ದಳು.

ಬಡಗನಾಡಿನವರು ಬೆಚ್ಚಗೆ ಬಾಳಿದರು, ನಡುನಾಡಿನವರು ತಂಪಾಗಿ ಬಾಳಿದರು. ಅಕ್ಕತಂಗಿಯರು ವರ್ಷಕ್ಕೊಮ್ಮೆ ಹಡಗಿನಲ್ಲಿ ಹೋಗಿಬಂದು ಸುಖವಾಗಿದ್ದರು. ಅವರಿಗೆ ಒಳ್ಳೆಯದಾಯಿತು, ಕತೆ ಕೇಳಿದವರಿಗೂ ಒಳ್ಳೆಯದಾಗಲಿ.